ಸದ್ದು ನುಂಗುವ ಗೋಡೆ

ಹಳೆಯ ಲಾರಿ ಟೈರುಗಳ ಪುಡಿ, ಕರಗಿಸಿದ ಗೊಬ್ಬರದ ಚೀಲ ಇವೆರಡನ್ನೂ ಒತ್ತಿ ಮಾಡಿದ ಹಲಗೆಗಳು ಅವು. ಕೃಷ್ಣರಾಜನಗರದ ನಮ್ಮ ಹಿತ್ತಿಲ ಹಿಂದೆ, ರೈಲು ಏರಿಯ ಈ ಬದಿಯಲ್ಲಿ, ರೈಲಿನ ಸದ್ದು ತಡೆಯುವ ಪ್ರಯೋಗಕ್ಕೆಂದು ಆಳೆತ್ತರಕ್ಕೂ ಮೀರಿ ನಿಲ್ಲಿಸಿದ್ದರು. ಮೈಸೂರಿನಲ್ಲಿ ಸಂಶೋಧನೆ ಮಾಡುವ ಹೇಮಶ್ರೀ ಎಂಬ ಹುಡುಗಿಯದು ಉಸ್ತುವಾರಿ. ಒಪ್ಪಿಗೆ ಪತ್ರಕ್ಕೆ ಮೊದಲ ಸಹಿ ಹಾಕಿದವಳು ನಾನೇ. ಹುಲ್ಲು ಹೊತ್ತು ಬರುವವರು ಸುತ್ತು ಬಳಸಿ ನಡೆಯುವಂತಾಗಬಾರದೆಂದು, ಕಾಲುದಾರಿ ಇದ್ದ ಕಡೆ ಆ ಹುಡುಗಿ ಮೂರಡಿ ಸಂದು ಬಿಡಿಸಿದ್ದಳು.

ಕೊನೆಯ ಹಲಗೆ ಕೂಡಿಸಿದ ಬೆಳಿಗ್ಗೆ ರೈಲುಗಾಡಿಯೊಂದು ಹೋದರೂ ರೇಡಿಯೊದ ವಾರ್ತೆ ಒಂದು ಮಾತೂ ತಪ್ಪದೆ ಕೇಳಿಸಿತು. ನನಗೆ ಹಿಗ್ಗೋ ಹಿಗ್ಗು.

ಸ್ವಲ್ಪ ಹೊತ್ತಿಗೆ ನಮ್ಮ ಯಜಮಾನರ ಅಕ್ಕ ಸರ್ವಮಂಗಳ ಕುಡುಗೋಲು ಹಿಡಿದು ಹಿತ್ತಿಲಿಗೆ ಬಂದರು. ಅವರ ಎರಡು ಕಣ್ಣಿಗೂ ಪೊರೆ. ನಲವತ್ತು ವರ್ಷದಿಂದ ಅವರದು ಒಂದೇ ಕ್ರಮ. ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತು ಕಿವಿಗೊಡುವುದು, ರೈಲಿಲ್ಲವೆಂದಾದರೆ ಒಂದೇ ಉಸಿರಿಗೆ ಏರಿ ಹತ್ತಿ ಹಳಿ ದಾಟುವುದು. ನಡುವೆ ನಿಂತರೆ ಮಂಡಿ ಮತ್ತೆ ಏಳದು.

ಕಿವಿಗೊಟ್ಟರು. "ಇಲ್ಲ ಬುಡು," ಎಂದು ಹೊರಟರು.

ನಾನು ನಲ್ಲಿಯಡಿ ಬಕೆಟ್ ತುಂಬಿಸುತ್ತಿದ್ದೆ. ನಲ್ಲಿ ನಿಲ್ಲಿಸಿದ ಮೇಲೂ ಬಕೆಟ್ಟಿನ ನೀರು ಸುಮ್ಮನಾಗಲಿಲ್ಲ. ಸುತ್ತು ಸುತ್ತಾಗಿ ಸಣ್ಣ ಅಲೆಗಳು ಏಳುತ್ತಲೇ ಇದ್ದವು. ನೆಲ ನಡುಗುತ್ತಿತ್ತು. ಸದ್ದು ಮಾತ್ರ ಇಲ್ಲ.

"ಅತ್ತಿಗೆ, ನಿಲ್ಲಿ. ರೈಲು."

"ಎಲ್ಲಿದ್ದದೇ ರೈಲು? ಕೇಳ್ತಾ ಇಲ್ವಲ್ಲ. ಸುಮ್ಕಿರು, ಮಂಡಿ ಹಿಡ್ಕತದೆ," ಎಂದರು, ತಿರುಗಿಯೂ ನೋಡದೆ.

ಎಪ್ಪತ್ತರ ನಾನು ಹೇಗೆ ಓಡಿದೆನೋ. ಸಂದಿನಾಚೆ ಅವರ ಒಂದು ಕಾಲು ಆಗಲೇ ಜಲ್ಲಿಯ ಮೇಲಿತ್ತು. ಸೆರಗು ಸಿಕ್ಕಿತು, ಎಳೆದೆ. ಇಬ್ಬರೂ ಬಿದ್ದೆವು. ತಲೆಯ ಮೇಲೆಯೇ ಎಂಬಂತೆ ಎಂಜಿನ್ ಅರಚಿತು. ಬೋಗಿಗಳು ಒಂದರ ಹಿಂದೊಂದು ಹಾಯ್ದವು. ಅವರ ಬೆರಳು ನನ್ನ ತೋಳಿನಲ್ಲಿ ನಾಟಿತ್ತು.

"ಇಷ್ಟೊತ್ತು ಎಲ್ಲಿತ್ತೇ ಇದು, ಪುಷ್ಪಾ?" ಅವರ ದನಿ ಕೂಸಿನದಾಗಿತ್ತು.

ಹಿತ್ತಿಲ ಆ ತುದಿಯಲ್ಲಿ ಸದ್ದು ಅಳೆಯುತ್ತಿದ್ದ ಹೇಮಶ್ರೀ ಓಡಿಬಂದಳು. ಕೂತು ಮೊದಲು ಅತ್ತಿಗೆಯ ಮಂಡಿ ನೀವಿದಳು, ಕೈಯಿಂದ ಕುಡುಗೋಲು ಮೆಲ್ಲಗೆ ಬಿಡಿಸಿದಳು. ಆಮೇಲೆ ಸ್ಪ್ಯಾನರ್ ತಂದು ಸಂದಿನ ಪಕ್ಕದ ಹಲಗೆ ಬಿಚ್ಚತೊಡಗಿದಳು.

"ನಿನ್ ಪರೀಕ್ಷೆ ಕೆಡಕಿಲ್ವಾ ಮಗಾ?" ಅತ್ತಿಗೆ ಕೇಳಿದರು.

"ಕೆಡ್ಲಿ ಅಜ್ಜಿ. ಸದ್ದು ಯಾರಿಗ್ ಬೇಡ ಅಂತ ಮನೆಮನೆಗೆ ಹೋಗಿ ಕೇಳ್ದೆ. ಯಾರಿಗ್ ಬೇಕು ಅಂತ ಕೇಳ್ಲೇ ಇಲ್ಲ."

ಸಂಜೆಯ ಹೊತ್ತಿಗೆ ಸಂದಿನ ಆ ಬದಿಗೆ ಇಪ್ಪತ್ತು, ಈ ಬದಿಗೆ ಇಪ್ಪತ್ತು ಹಲಗೆ ಇಳಿದವು. ಗಾಡಿಯ ಸದ್ದು ದೂರದಿಂದಲೇ ಬಂತು, ಹೋಯಿತು. ಕಲ್ಲಿನ ಬಳಿ ನನ್ನ ಕೈ ಹಿಡಿದು ನಿಂತಿದ್ದ ಅತ್ತಿಗೆ ಕಿವಿಗೊಟ್ಟು, "ಇನ್ನಿಲ್ಲ, ನಡಿ," ಎಂದರು. ನನಗೂ ಏನೂ ಕೇಳಿಸಲಿಲ್ಲ; ಬೆಳಿಗ್ಗೆಯೂ ಕೇಳಿಸಿರಲಿಲ್ಲ. ಕೇಳಿಸಲಿಲ್ಲವೆಂದೇ ಅವರ ಕೈ ಬಿಡಲು ನನ್ನಿಂದಾಗಲಿಲ್ಲ.