ಸೊಟ್ಟ ಲೇಬಲ್ಲು

ಎಡಕ್ಕೆ ಕೂದಲೆಳೆಯಷ್ಟು ಸೊಟ್ಟ! ರಿಯಾಯಿತಿ ಅಂಗಡಿಯ ಕೆಳಗಿನ ಸಾಲಿನಲ್ಲಿ, ಸೋಪಿನ ಪುಡಿಯ ಪಕ್ಕ ನಿಂತಿದ್ದ ಬಾಟಲಿಯ ಆ ಸೊಟ್ಟ ಲೇಬಲ್ಲು ಭೂತಗನ್ನಡಿಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಲೇಬಲ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ತಪ್ಪು ಹುಡುಕುವುದೇ ಅವನ ಉದ್ಯೋಗ. ಜೇಬಿನಲ್ಲಿ ಸದಾ ಭೂತಗನ್ನಡಿಯ ಗಾಜು ಇಟ್ಟುಕೊಂಡು ತಿರುಗುವವನಿಗೆ ಜೊತೆಗಾರರು ಇಟ್ಟ ಹೆಸರೂ ಅದೇ.

ಇಟಲಿಯ ಕೆಂಪು ವೈನ್. ತನಗೆ ಮಗಳು ಹುಟ್ಟಿದ ಸಂತೋಷಕ್ಕೆ ಇವನು ಕರೆದಿದ್ದ ಊಟಕ್ಕೆ ಅಕ್ಕನ ಗಂಡ, ಭಾವ, ತಂದಿದ್ದೂ ಇದೇ. ಅವತ್ತಿನ ಲೇಬಲ್ಲೂ ಹೀಗೇ ವಾಲಿತ್ತು. ಇವನು ಹತ್ತು ಜನರ ಮುಂದೆ ಗಾಜು ತೆಗೆದು, "ಭಾವ, ನಿಮಗೆ ಯಾರೋ ಚೆನ್ನಾಗಿ ಟೋಪಿ ಹಾಕಿದಾರೆ. ಇದು ನಕಲಿ" ಎಂದುಬಿಟ್ಟ. ಭಾವ ತಟ್ಟೆ ಬಿಟ್ಟು ಎದ್ದು ಹೊರಟರು, ಹಿಂದೆಯೇ ಅಕ್ಕ. ಮೂರು ವರ್ಷವಾಯಿತು, ಇಬ್ಬರೂ ಈ ಕಡೆ ತಲೆ ಹಾಕಿರಲಿಲ್ಲ.

ಇವತ್ತು ಸಂಜೆ ಬರುತ್ತಾರೆ. ಹೆಂಡತಿ ಫೋನಿನಲ್ಲಿ ಅಕ್ಕನನ್ನು ಗೋಗರೆದು ಒಪ್ಪಿಸಿದ್ದಳು. "ಬಾಯಿಗೆ ಬೀಗ ಹಾಕ್ಕೊಂಡಿರಿ. ಇವತ್ತು ಕೆಟ್ಟರೆ ಅಕ್ಕ ಇನ್ನು ಬರಲ್ಲ" ಎಂದು ಬೆಳಿಗ್ಗೆಯಿಂದ ನಾಲ್ಕು ಸಲ ಹೇಳಿದ್ದಳು. ಅದೇ ವೈನ್, ಆದರೆ ಅಸಲಿಯದು ಕೊಟ್ಟು ರಾಜಿಯಾಗೋಣ ಅಂತ ಇವನ ಯೋಚನೆ.

"ಇಷ್ಟು ಅಗ್ಗ ಯಾಕೆ?" ಎಂದು ಗಲ್ಲಾದವಳನ್ನು ಕೇಳಿದ.

"ಲೇಬಲ್ ಸೊಟ್ಟ ಅಲ್ವಾ ಸಾರ್? ಪ್ರತಿ ಲೋಡಲ್ಲೂ ಒಂದಷ್ಟು ಹೀಗೆ ಬರುತ್ತೆ. ದೊಡ್ಡ ಅಂಗಡಿಯವರು ಬೇಡ ಅಂತಾರೆ, ನಾವು ತಗೋತೀವಿ. ಒಳಗಿರೋದು ಅದೇ ಮಾಲು."

"ನನ್ನ ಕಿವಿ ಮೇಲೆ ಹೂವಿಡಬೇಡಮ್ಮ."

"ಬೇಡಾಂದ್ರೆ ಅಲ್ಲೇ ಇಡಿ."

ಬಿಟ್ಟುಬರಲು ಮನಸ್ಸಿಲ್ಲ, ನಂಬಲು ಧೈರ್ಯವಿಲ್ಲ. ಕೊಂಡು ತಂದ. ಮನೆಯಲ್ಲಿ ಬಿರಡೆಯ ಸುತ್ತ ಮೂಸಿದ, ದೀಪಕ್ಕೆ ಹಿಡಿದ, ಗಾಜು ಹಚ್ಚಿ ಅಕ್ಷರ ಅಕ್ಷರ ನೋಡಿದ. ತಲೆಗೆ ಹೊಕ್ಕ ಹುಳ ಸುಮ್ಮನಿರಬೇಕಲ್ಲ! ಪ್ರೆಸ್ಸಿನಲ್ಲಿ ಒಂದು ಪದ್ಧತಿ ಉಂಟು: ಅನುಮಾನ ಬಂದ ಲೇಬಲ್ಲಿನ ಬೆನ್ನು ನೋಡಬೇಕು. ಅಸಲಿ ಅಚ್ಚಿಗೆ ಹಿಂದುಗಡೆ ತೆಳು ನೀಲಿಯಲ್ಲಿ ಯಾವ ಕಂತಿನ ಅಚ್ಚು ಎಂಬ ನಂಬರು ಇರುತ್ತದೆ. ನಕಲಿಯವರು ಅಂಟಿಸಿ ಮುಚ್ಚುವ ಬೆನ್ನಿಗೆ ಶಾಯಿ ದಂಡ ಮಾಡುವುದಿಲ್ಲ. ಸರಿ, ಬಾಟಲಿಯನ್ನು ಬಿಸಿನೀರಿನ ಬಕೆಟ್ಟಿಗೆ ಇಳಿಸಿದ.

"ಅಯ್ಯೋ ನನ್ನ ಕರ್ಮವೇ, ಅದಕ್ಕೆ ಸ್ನಾನ ಬೇರೆ ಮಾಡಿಸ್ತಿದೀರಾ?" ಎಂದಳು ಹೆಂಡತಿ.

ಲೇಬಲ್ಲು ಕಳಚಿ ಬಂತು. ಬೆನ್ನ ಮೇಲೆ ನೀಲಿ ನಂಬರು, ಲಕ್ಷಣವಾಗಿ ಕೂತಿತ್ತು. ಅಸಲಿ! ಇವನಿಗೆ ಕುಣಿಯುವಷ್ಟು ಖುಷಿಯಾಯಿತು. ಮರುಗಳಿಗೆಯೇ ಲೇಬಲ್ಲನ್ನು ಮತ್ತೆ ತಿರುಗಿಸಿ ನೋಡಿದ. ಸೊಟ್ಟಗಿರುವ ಇದು ಅಸಲಿಯಾದರೆ, ಅವತ್ತಿನದು?

ಕರೆಗಂಟೆ ಬಡಿಯಿತು. ಅಕ್ಕ, ಭಾವ ಬಂದಿದ್ದರು. ಬಾಗಿಲಲ್ಲೇ ಮೂರು ವರ್ಷದ ಮಗಳು ಅಮ್ಮನ ಸೆರಗಿನ ಹಿಂದೆ ಅವಿತು, "ಯಾರಮ್ಮ ಇವರು?" ಎಂದಳು. ಒಳಗೆ ಬಂದ ಭಾವನ ಕಣ್ಣು ಸೀದಾ ಮೇಜಿನ ಮೇಲಿನ ಬೋಳು ಬಾಟಲಿಗೆ ಹೋಯಿತು.

"ಏನಪ್ಪಾ, ಈ ಸಲ ಲೇಬಲ್ಲೇ ಇಲ್ಲ? ಏನು ಮುಚ್ಚಿಡ್ತಿದೀಯ?"

ಅಕ್ಕ ಹೆಗಲ ಚೀಲ ಇಳಿಸದೆ ಬಾಗಿಲ ಬಳಿಯೇ ನಿಂತಳು. ಭೂತಗನ್ನಡಿ ಒಳಗೆ ಓಡಿದ. ಒದ್ದೆ ಲೇಬಲ್ಲನ್ನು ತಂದು ಭಾವನ ಅಂಗೈ ಮೇಲಿಟ್ಟ.

"ತಪ್ಪಾಯ್ತು ಭಾವ. ಬೆನ್ನು ನೋಡಿ, ಅಸಲಿ. ಇದೂ ಸೊಟ್ಟಗೇ ಇತ್ತು. ನಿಮ್ಮದೂ ಅಸಲಿನೇ ಇದ್ದಿರಬೇಕು."

"ಎಲ್ಲಿ ತಂದೆ ಇದನ್ನ?"

"ರಿಯಾಯಿತಿ ಅಂಗಡೀಲಿ... ಸೋಪಿನ ಪುಡಿ ಪಕ್ಕ."

ಭಾವನ ಕಿವಿ ಕೆಂಪಾಯಿತು. "ನಾನೂ ಅಲ್ಲೇ ತಂದಿದ್ದೆ ಕಣಯ್ಯ. ಸೊಟ್ಟ ಲೇಬಲ್ಲು ಅಂತ ಅವರು ಮೊದಲೇ ಹೇಳಿದ್ರು. ಅಷ್ಟು ಜನದ ಮುಂದೆ ಅಗ್ಗದ್ದು ತಂದೆ ಅಂತ ಹೇಗೆ ಬಾಯಿ ಬಿಡ್ಲಿ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಕ್ಕ ಮಾತ್ರ ನಗಲಿಲ್ಲ.

"ನಿನಗೆ ನಿನ್ನ ಅನುಮಾನ, ಇವರಿಗೆ ಇವರ ಮರ್ಯಾದೆ," ಎಂದಳು. "ಈ ಕೂಸು ನಡೆಯೋಕೆ ಕಲಿತಿದ್ದನ್ನ ನಾನು ನೋಡಲಿಲ್ಲ."

ಇಬ್ಬರ ನಗುವೂ ನಿಂತಿತು. ಅಕ್ಕ ಚೀಲ ಇಳಿಸಿ, ನೆಲದ ಮೇಲೆ ಕೂತು, ಎರಡೂ ಕೈ ಚಾಚಿದಳು. "ಬಾ ಚಿನ್ನ, ನಾನು ನಿನ್ನ ಅತ್ತೆ."

ಮಗು ಒಂದು ಹೆಜ್ಜೆ ಮುಂದೆ ಬಂತು. ಕಣ್ಣು ಕಿರಿದು ಮಾಡಿ, ಥೇಟ್ ಅಪ್ಪನ ಹಾಗೆ, ಅತ್ತೆಯನ್ನು ಮೇಲಿಂದ ಕೆಳಗೆ ನೋಡಿತು. ಆಮೇಲೆ ಅಮ್ಮನ ಹಿಂದಕ್ಕೆ ಸರಿಯಿತು.