ಸಫೇದ್ ಮುಸ್ಲಿ ಇದ್ದ ಜಾಗ

ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಬಂದ ಹನುಮವ್ವನಿಗೆ ಮೊದಲು ಕಂಡದ್ದು ಗುಂಡಿಗಳು. ಅಂಗೈಯಗಲದವು, ಏಳೆಂಟು. ಪಕ್ಕದಲ್ಲಿ ಬಾಡಿದ ಎಲೆ, ಬಿಳಿ ಹೂವಿನ ದಂಟು ಬಿದ್ದಿದ್ದವು. ಬುಡದಲ್ಲಿರಬೇಕಾದ ಬೆರಳಿನಂಥ ಗಡ್ಡೆಗಳು ಮಾತ್ರ ಇರಲಿಲ್ಲ. ಬೊರಿವಲಿಯ ನ್ಯಾಷನಲ್ ಪಾರ್ಕಿನ ಕಾಡಿನಲ್ಲಿ ಮಳೆ ಬಿದ್ದ ಮೇಲಷ್ಟೇ ತಲೆ ಎತ್ತುವ ಸಫೇದ್ ಮುಸ್ಲಿ ಅದು. ಔಷಧಿಗೆಂದು ಅದರ ಗಡ್ಡೆಯನ್ನು ಹುಡುಕುವವರಿದ್ದಾರೆಂದು ಅವಳಿಗೆ ಗೊತ್ತಿತ್ತು.

ಯಾದಗಿರಿ ಕಡೆಯ ಹನುಮವ್ವ ದಹಿಸರ್‌ನಲ್ಲಿ ಖೋಲಿ ಹಿಡಿದು, ಒಂಬತ್ತು ವರ್ಷದಿಂದ ಈ ಕಾಡಿನಲ್ಲಿ ಲಂಟಾನ ಕೀಳುವ ಕೂಲಿ ಮಾಡುತ್ತಿದ್ದಳು. ಹೊರಗಿನಿಂದ ಬಂದು ಹಬ್ಬಿದ ಆ ಮುಳ್ಳುಪೊದೆ ಕಿತ್ತಲ್ಲೆಲ್ಲ ಇಲ್ಲಿನ ಹಳೆಯ ಗಿಡಗಳು ತಾವಾಗಿ ಚಿಗುರುತ್ತಿದ್ದವು. ನೋಡಿ ನೋಡಿ ಅವಳಿಗೆ ಒಂದೊಂದರ ಗುರುತೂ ಸಿಕ್ಕಿತ್ತು. ಈ ಜಾಗ ಅವಳನ್ನು ಬಿಟ್ಟರೆ ಇನ್ನೊಬ್ಬಳಿಗೆ ಮಾತ್ರ ಗೊತ್ತು. ಮೊನ್ನೆ ಭಾನುವಾರ ತಾನೇ ಕೈಹಿಡಿದು ಕರೆತಂದು ತೋರಿಸಿದ್ದಳು.

ಆ ಹುಡುಗಿ ಸ್ನೇಹಲ್. ಸಯನ್‌ನವಳು, ಫೋರ್ಟಿನ ಬ್ಯಾಂಕೊಂದರಲ್ಲಿ ಕೆಲಸ. ಭಾನುವಾರವಾದರೆ ಲೋಕಲ್ ರೈಲು ಹಿಡಿದು ಬಂದು ಗಿಡಗಳ ಫೋಟೋ ತೆಗೆಯುತ್ತಿದ್ದಳು. ಅಜ್ಜಿ ಬಾಗಲಕೋಟೆಯವರಂತೆ. "ಮೌಶಿ, ಇದರ ನಾಮ್ ಏನು?" ಎಂದು ಮರಾಠಿಯಲ್ಲಿ ಚಿಕ್ಕಮ್ಮನೆಂದು ಕರೆದು, ಮುರುಕು ಕನ್ನಡದಲ್ಲಿ ಕೇಳಿದ ದಿನವೇ ಹನುಮವ್ವನ ಮನಸ್ಸು ಕರಗಿತ್ತು. ಈಗ ಎಲ್ಲವೂ ಬೇರೆ ಥರ ಕಾಣತೊಡಗಿತು. ಹೆಸರಿಗಿಂತ ಗಿಡ ಎಲ್ಲೆಲ್ಲಿದೆ ಎಂದೇ ಅಲ್ಲವೇ ಅವಳು ಹೆಚ್ಚು ಕೇಳುತ್ತಿದ್ದದ್ದು? ಬುಡದ ಹತ್ತಿರ ಮೊಣಕಾಲೂರಿ ಅಷ್ಟು ಹೊತ್ತು ಕೂಡುವುದೇಕೆ? ಬೆನ್ನಿನ ಚೀಲ ಅಷ್ಟು ದೊಡ್ಡದೇಕೆ?

"ಬ್ಯಾಂಕಿನಾಗ ಕೂಡೋ ಹುಡುಗಿ ಗಡ್ಡಿ ಯಾಕ ಕದೀತಾಳ?" ಎಂದು ರಾತ್ರಿ ಖೋಲಿಯಲ್ಲಿ ವಿಷಯ ಕೇಳಿದ ಗಂಡ ಚಂದ್ರಾಮ ನಕ್ಕ.

"ಕದಿಯೋರು ಹೇಳಿ ಕದೀತಾರೇನು?"

ಗಾರ್ಡ್ ಕಾಶಿನಾಥನಿಗೆ ಹೇಳೋಣವೆಂದರೆ, ಜಾಗ ತೋರಿಸಿದ್ದು ಯಾರು ಎಂದೇ ಮೊದಲು ಕೇಳುತ್ತಾನೆ. ಅವಳು ಬಾಯಿ ಬಿಡಲಿಲ್ಲ. ಮುಂದಿನ ಭಾನುವಾರ ಸ್ನೇಹಲ್‌ಳನ್ನು ಹಳ್ಳದ ದಂಡೆಗೆ ಕರೆದೊಯ್ದು, ಹೂವು ಎಲೆ ಹಾಗೆಯೇ ಕಾಣುವ, ಗಡ್ಡೆಯಿಲ್ಲದ ಬೇರೊಂದು ಗಿಡ ತೋರಿಸಿ ಮುಸ್ಲಿ ಎಂದಳು. ಹುಡುಗಿ ಖುಷಿಯಿಂದ ಫೋಟೋ ತೆಗೆದಳು.

ಸೋಮವಾರ ಪಾರ್ಕಿಗೆ ರಜೆ. ಮಂಗಳವಾರ ಹೋಗಿ ನೋಡಿದರೆ ದಂಡೆಯನ್ನೆಲ್ಲ ಅಗೆದುಹಾಕಿದ್ದರು. ಗಡ್ಡೆ ಸಿಗದ ಸಿಟ್ಟಿಗೆ ಗಿಡಗಳನ್ನು ಕಿತ್ತು ಎಸೆದಿದ್ದರು. ಹನುಮವ್ವನಿಗೆ ಇನ್ನು ಅನುಮಾನವೇ ಉಳಿಯಲಿಲ್ಲ.

ಭಾನುವಾರ ಗೇಟಿನಲ್ಲೇ ಅಡ್ಡ ನಿಂತಳು. "ಚೀಲ ತೆಗಿ."

ಸ್ನೇಹಲ್ ಬೆರಗಾಗಿ ಚೀಲ ತೆರೆದಳು. ಛತ್ರಿ, ನೀರಿನ ಬಾಟಲಿ, ನೋಟ್‌ಬುಕ್, ಒಂದು ಭೂತಗನ್ನಡಿ. "ಮೌಶಿ, ನನ್ನ ಮೇಲೆ ಶಕ್ ಇದೆಯಾ?"

"ಹಳ್ಳದ ಜಾಗ ನಿನಗೊಬ್ಬಾಕಿಗೇ ತೋರ್ಸಿದ್ದೆ. ಅದೂ ಸುಳ್ಳ ಜಾಗ. ಅಲ್ಲಿನೂ ಅಗದಾರ."

ಸ್ನೇಹಲ್ ನಿಂತಲ್ಲೇ ಫೋನ್ ತೆರೆದಳು. ಗಿಡಪ್ರಿಯರ ಆಪ್‌ನಲ್ಲಿ ಅವಳು ಹಾಕಿದ ಫೋಟೋಗಳು. ಪ್ರತಿಯೊಂದರ ಕೆಳಗೂ ನಕ್ಷೆ, ಅದರ ಮೇಲೊಂದು ಕೆಂಪು ಚುಕ್ಕೆ. ಓದು ಬಾರದ ಹನುಮವ್ವನಿಗೂ ಹಳ್ಳದ ತಿರುವು ಗುರುತಾಯಿತು.

"ಜಾಗ ಆಪ್ ತಾನೇ ಹಾಕ್ತದೆ, ಮೌಶಿ. ನಾನು ಧ್ಯಾನ್ ಕೊಟ್ಟಿಲ್ಲ. ಆಪ್‌ನಲ್ಲಿ ಒಬ್ಬ ಹರ್ ಬಾರ್ ಕೇಳ್ತಿದ್ದ, ಇನ್ನೂ ಎಲ್ಲಿ ಇದೆ ಅಂತ. ನಾನು ಹೇಳ್ತಿದ್ದೆ."

ನಿಜವೋ ನಾಟಕವೋ ಹನುಮವ್ವನಿಗೆ ತಿಳಿಯಲಿಲ್ಲ. ಆದರೆ ಗಾರ್ಡ್ ಹತ್ತಿರ ಹೋಗೋಣ ಎಂದವಳು ಸ್ನೇಹಲ್ಲೇ. ಕಾಶಿನಾಥ ಇಬ್ಬರನ್ನೂ ಬೈದ. ಆಮೇಲೆ ತನ್ನ ಚೌಕಿಯ ಹಿಂದಿನ ಹುಲ್ಲಿನಲ್ಲಿದ್ದ ಅದೇ ಗಡ್ಡೆಯಿಲ್ಲದ ಗಿಡದ ಫೋಟೋ ತೆಗೆಸಿ, ಮುಸ್ಲಿ ಎಂದೇ ಆಪ್‌ಗೆ ಹಾಕಿಸಿದ.

ಮರುದಿನ, ಪಾರ್ಕಿನ ರಜೆಯ ಸೋಮವಾರ, ಮಧ್ಯಾಹ್ನವೇ ಹಾರೆ ಹಿಡಿದ ಇಬ್ಬರು ಸಿಕ್ಕಿಬಿದ್ದರು. ಒಬ್ಬನ ಫೋನಿನಲ್ಲಿ ಆ ಫೋಟೋ ಇತ್ತು.

"ಅವರಿಗ ಆ ಹುಡುಗಿ ಗುರ್ತು ಐತೇನ್ರೀ?" ಎಂದು ಮಂಗಳವಾರ ಕೆಲಸಕ್ಕೆ ಬಂದ ಹನುಮವ್ವ ಮೆಲ್ಲಗೆ ಕೇಳಿದಳು.

"ಹೆಸರೂ ಗೊತ್ತಿಲ್ಲ," ಎಂದ ಕಾಶಿನಾಥ.

ಸ್ನೇಹಲ್ ಹಾಕಿದ್ದನ್ನೆಲ್ಲ ಅಳಿಸಿದಳು. ಮುಂದಿನ ಭಾನುವಾರ ಫೋನ್ ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಬಹಳ ದೂರ ನಡೆದ ಮೇಲೆ ಕೇಳಿದಳು: "ಮೌಶಿ, ಒಂದೂ ಉಳಿದಿಲ್ಲಾ?"

ಬಲಗಡೆ ಬಂಡೆಯ ಹಿಂದೆ ಹದಿನೈದು ಮುಸ್ಲಿ ಗಿಡ ಹೂಬಿಟ್ಟಿದ್ದವು. ಹನುಮವ್ವ ಹುಡುಗಿಯ ಮುಖವನ್ನೊಮ್ಮೆ ನೋಡಿದಳು.

"ಇಲ್ಲವ್ವ," ಎಂದು ಎಡಗಡೆಯ ದಾರಿ ಹಿಡಿದಳು.