ನಿಮಿಷಕ್ಕೆ ನಲವತ್ತಾರು

ಗುಬ್ಬಿಯ ಅಣ್ಣನ ಮನೆಯಿಂದ ತುಮಕೂರಿನ ಬಟವಾಡಿಗೆ ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್. ಮಂಗಳವಾರ ನಸುಕಿನಲ್ಲಿ ಹೊರಟ ಪ್ರಮೀಳಾ ಅಷ್ಟನ್ನೂ ಓಡಿಯೇ ಬಂದು, ಬೆವರು ಒರೆಸಿ, ಚೂಡಿದಾರ ಬದಲಿಸಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಳು. ಪರೀಕ್ಷೆ ಇರುವುದು ಹೃದಯಕ್ಕೆ. ಅದು ಚೆನ್ನಾಗಿ ಬಿಸಿಯಾಗಿದ್ದರೆ ರಿಪೋರ್ಟೂ ಚೆನ್ನಾಗಿ ಬರುತ್ತದೆ ಎಂಬುದು ಅವಳ ಲೆಕ್ಕ.

ಭಾನುವಾರ ಕುಣಿಗಲ್‌ನಿಂದ ತುಮಕೂರಿಗೆ ಮೂವತ್ತಾರು ಕಿಲೋಮೀಟರ್ ಓಟ. ನಲವತ್ತು ದಾಟಿದವರು ಡಾಕ್ಟರ ಸಹಿ ತರಲೇಬೇಕು. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಎಂಟು ಗಂಟೆ ನಿಂತು ಪ್ಯಾಕಿಂಗ್ ಮಾಡುವ ಪ್ರಮೀಳಾ ಎರಡು ವರ್ಷದಿಂದ ಇದೊಂದಕ್ಕೇ ಕಾದಿದ್ದಳು.

ರಕ್ತದ ರಿಪೋರ್ಟು ಬಂದಾಗ ಡಾಕ್ಟರ್ ಪ್ರಭುದೇವ ಕುರ್ಚಿಯ ತುದಿಗೆ ಬಂದರು.

"ಎದೆನೋವು ಇದ್ಯಾ?"

"ಇಲ್ಲ ಸಾರ್."

"ಬೆನ್ನು, ದವಡೆ ನೋವು? ವಾಕರಿಕೆ, ಸುಸ್ತು? ಹೆಂಗಸರಿಗೆ ಎಷ್ಟೋ ಸಲ ಹಿಂಗೇ ಶುರುವಾಗೋದು."

"ಮೀನಖಂಡ ಸ್ವಲ್ಪ ಬಿಗಿ ಹಿಡ್ದೈತೆ, ಅಷ್ಟೆ."

"ಟ್ರೋಪೋನಿನ್ ಜಾಸ್ತಿ ಬಂದಿದೆ. ಹೃದಯದ ಸ್ನಾಯುಗೆ ಪೆಟ್ಟು ಬಿದ್ರೆ ಏರೋದು ಇದು. ಅಡ್ಮಿಟ್ ಆಗ್ಬೇಕಾಗತ್ತೆ."

ಪ್ರಮೀಳಾಗೆ ಅವ್ವ ನೆನಪಾದಳು. ಅವಳು ಎರಡು ದಿನ ಬೆನ್ನುನೋವು, ಸುಸ್ತು ಎಂದಿದ್ದಳು. ಗ್ಯಾಸು ಎಂದು ಎಲ್ಲರೂ ಸೋಡಾ ಕುಡಿಸಿದ್ದರು. ಮೂರನೆಯ ದಿನ ಅವ್ವ ಏಳಲಿಲ್ಲ. ಆಗ ಅವ್ವನಿಗೆ ನಲವತ್ಮೂರು. ಈಗ ಪ್ರಮೀಳಾಗೆ ನಲವತ್ತೆರಡು. ಹೇಳಬಾರದು, ಹೇಳಿದರೆ ಓಟ ಹೋಯಿತು ಎಂದುಕೊಂಡರೂ ಬಾಯಿ ತಡೆಯದೆ ಎಲ್ಲ ಹೇಳಿಬಿಟ್ಟಳು.

ಡಾಕ್ಟರು ಬರೆದುಕೊಂಡರು. "ಬೆಳಿಗ್ಗೆಯಿಂದ ಏನಾದ್ರೂ ಭಾರದ ಕೆಲಸ ಮಾಡಿದ್ರಾ?"

"ಏನಿಲ್ಲ ಸಾರ್. ಗುಬ್ಬಿಯಿಂದ ಬಂದೆ."

"ಬಸ್ಸಲ್ಲಾ?"

"ಓಡ್ಕೊಂಡು."

ಪೆನ್ನು ನಿಂತಿತು. ಪಕ್ಕದಲ್ಲಿದ್ದ ನರ್ಸ್ ಇಂಪನಾ ನಗು ತಡೆಯಲು ಗೋಡೆಯ ಕಡೆ ತಿರುಗಿದಳು.

"ಅಷ್ಟು ದೂರ ಓಡಿದ್ರೆ ಗಟ್ಟಿ ಹೃದಯದಲ್ಲೂ ಇದು ಏರತ್ತೆ, ಒಂದೆರಡು ದಿನಕ್ಕೆ ಇಳಿಯತ್ತೆ," ಎಂದರು ಡಾಕ್ಟರು. "ಆದ್ರೆ ನಿಮ್ಮ ತಾಯಿ ವಿಷಯ ಕೇಳಿದ ಮೇಲೆ ನಾನು ಸುಮ್ನೆ ನಂಬಲ್ಲ."

ಸಂಜೆಯವರೆಗೆ ಮಾನಿಟರ್ ಹಾಕಿ ಮಲಗಿಸಿ ಮತ್ತೆ ರಕ್ತ ನೋಡಿದರು. ಇಳಿಯತೊಡಗಿತ್ತು. ಶುಕ್ರವಾರ ಬನ್ನಿ, ಅಲ್ಲಿಯವರೆಗೆ ಒಂದು ಹೆಜ್ಜೆಯೂ ಓಡಕೂಡದು ಎಂದರು.

ಸುದ್ದಿ ತಿಳಿದು ಗಂಡನ ಅಕ್ಕ ಸಿದ್ದಗಂಗಮ್ಮ ಕುಣಿಗಲ್‌ನಿಂದ ತುಮಕೂರಿನ ಮನೆಗೆ ಬಂದಿಳಿದಳು. "ಹೃದಯ ತೋರ್ಸಕ್ಕೆ ಓಡ್ಕೊಂಡ್ ಹೋಗಿದ್ಯೇನೇ? ಹಲ್ಲು ತೋರ್ಸಕ್ಕೆ ಹೋಗೋರು ದಾರೀಲಿ ಕಬ್ಬು ಜಗಿದಂಗಾಯ್ತು! ಬುಡು ಈ ಓಟಾನೆಲ್ಲ. ಮನೇಲಿ ಇರೋ ಕೆಲ್ಸ ಸಾಲ್ದೇನೇ?"

ಪ್ರಮೀಳಾ ಎರಡು ದಿನ ಮನೆಯೊಳಗೆ ಕಾಲು ಕಟ್ಟಿಹಾಕಿದಂತೆ ಕಳೆದಳು. ಶುಕ್ರವಾರ ಸಿದ್ದಗಂಗಮ್ಮನೇ ಆಟೋದಲ್ಲಿ ಕೂರಿಸಿ ಕರೆದೊಯ್ದಳು.

ರಕ್ತ ಸರಿಯಾಗಿತ್ತು. ಆದರೆ ಓಟದ ಬಿಸಿ ಪೂರ್ತಿ ಇಳಿದ ಮೇಲಿನ ಇಸಿಜಿ ನೋಡಿದ ಇಂಪನಾ ಕೂಗಿದಳು, "ಸಾರ್! ನಿಮಿಷಕ್ಕೆ ನಲವತ್ತಾರೇ ಬಡೀತಿದೆ!"

"ಅಯ್ಯೋ, ನಿಂತೋಯ್ತದಾ?" ಎಂದಳು ಸಿದ್ದಗಂಗಮ್ಮ.

"ಇಲ್ಲಮ್ಮ. ಓಡಿ ಓಡಿ ಪಳಗಿದೆ. ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳತ್ತೆ, ಅದಕ್ಕೇ ಆತುರ ಇಲ್ಲ." ಡಾಕ್ಟರು ಸ್ಕ್ಯಾನಿನ ಪರದೆಯನ್ನು ಪ್ರಮೀಳಾಳ ಕಡೆ ತಿರುಗಿಸಿದರು. ಬೂದುಬಣ್ಣದ ಒಂದು ಮುಷ್ಟಿ ಮುಚ್ಚುತ್ತಿತ್ತು, ಬಿಚ್ಚುತ್ತಿತ್ತು. ಇದೇನಾ ನನ್ನದು ಎಂದು ಅವಳು ಕಣ್ಣು ಕೀಳದೆ ನೋಡಿದಳು.

"ಇನ್ನೊಂದೇ ಬಾಕಿ. ಟ್ರೆಡ್‌ಮಿಲ್ ಹತ್ತಿ."

ಎದೆಗೆಲ್ಲ ವೈರು ಅಂಟಿಸಿದರು. ಪಟ್ಟಿ ಉರುಳತೊಡಗಿತು. ಮೂರು ನಿಮಿಷಕ್ಕೊಮ್ಮೆ ವೇಗವೂ ಜಾಸ್ತಿ, ಏರೂ ಜಾಸ್ತಿ. ಆರು ನಿಮಿಷ. ಒಂಬತ್ತು. "ಸಾಕಾದ್ರೆ ಹೇಳಿ," ಎಂದಳು ಇಂಪನಾ. ಪ್ರಮೀಳಾ ಇಲ್ಲವೆಂದು ತಲೆಯಾಡಿಸಿದಳು. ಹನ್ನೆರಡಕ್ಕೆ ನಡಿಗೆ ಹೋಗಿ ಓಟವೇ ಬಂತು. ಎರಡು ದಿನ ಕಟ್ಟಿಹಾಕಿದ್ದ ಕಾಲುಗಳು! ಅವ್ವ ಮೆಟ್ಟಿಲು ಹತ್ತುವಷ್ಟರಲ್ಲಿ ಮೂರು ಸಲ ಕೂರುತ್ತಿದ್ದಳು. ನಾನು ಬೆಟ್ಟ ಏರುತ್ತಿದ್ದೇನೆ, ಎದೆ ಜೊತೆಗೇ ಬರುತ್ತಿದೆ. ಡಾಕ್ಟರ ಕಣ್ಣು ಇಸಿಜಿ ಗೆರೆಗಳ ಮೇಲಿಂದ ಕದಲಲಿಲ್ಲ. ಗೆರೆಗಳು ಒಂದೂ ತಪ್ಪಲಿಲ್ಲ.

ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಸಿದ್ದಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೇ ನುಗ್ಗಿದಳು. "ಓಡೇ ಪ್ರಮೀಳಾ! ಬುಡಬೇಡ ಕಣೇ!"

"ಹೊರಗಿರಿ ಅಮ್ಮಾ," ಎಂದ ಇಂಪನಾ ತಾನೇ ಕೂಗಿ ಎಣಿಸತೊಡಗಿದ್ದಳು. "ಹದಿನಾಲ್ಕು... ಹದಿನಾಲ್ಕೂವರೆ..."

ಹದಿನೈದಕ್ಕೆ ಡಾಕ್ಟರೇ ನಿಲ್ಲಿಸಿದರು.

"ಎದೆ ಬಿಗಿದ್ರೆ, ತಲೆ ಸುತ್ತಿದ್ರೆ, ಅಲ್ಲೇ ನಿಂತುಬಿಡ್ಬೇಕು. ಓಡದೆ ಇದ್ದಾಗ ಬೆನ್ನುನೋವು ಬಂದ್ರೂ ಗ್ಯಾಸು ಅಂತ ಕೂರಂಗಿಲ್ಲ. ವರ್ಷಕ್ಕೊಂದ್ಸಲ ಬನ್ನಿ." ಇಷ್ಟು ಹೇಳಿ ಸಹಿ ಹಾಕಿದರು.

ಪ್ರಮೀಳಾ ಕಾಗದವನ್ನು ಎರಡು ಸಲ ಓದಿದಳು, ಮುಖವೆಲ್ಲ ನಗು. ಸಿದ್ದಗಂಗಮ್ಮ ಅದನ್ನು ಕಿತ್ತುಕೊಂಡು ತಲೆಕೆಳಗಾಗಿ ಹಿಡಿದು ನೋಡಿ, ಮಡಿಸಿ ತನ್ನ ಚೀಲಕ್ಕೇ ಹಾಕಿಕೊಂಡಳು.

"ಯಾಕತ್ಗೆ?"

"ನಾಳೆ ನನ್ ಜೊತೆ ಕುಣಿಗಲ್‌ಗೆ ಬತ್ತೀಯ. ಓಟ ಶುರುವಾಗೋದು ನಮ್ಮನೆಯಿಂದ ಎರಡೇ ಬೀದಿ ಆಚೆ. ಮುದ್ದೆ ತಿಂದು ಎಂಟಕ್ಕೆಲ್ಲ ಮಲಗ್ಬೇಕು, ತಿಳೀತಾ?"